ಪುರಸಭೆಯ ವಾರ್ಷಿಕ ಪ್ರಗತಿ ವರದಿಯನ್ನು ಸ್ಥಳದಲ್ಲೇ ತಾಳೆ ನೋಡುವುದು ಹೇಗೆ?

ವಾರ್ಡ್‌ಸಮಿತಿ (ಪ್ರಶ್ನೆ)

ಪುರಸಭೆಯ ವಾರ್ಷಿಕ ಪ್ರಗತಿ ವರದಿ ಕೈ ಸೇರಿದೆ. ಸಾರ್ವಜನಿಕ ಸಭೆಯಲ್ಲಿ ಅದರ ಮೇಲೆ ಚರ್ಚೆ ಆಗಬೇಕು. ಪ್ರತಿ ಕಾಮಗಾರಿಗೂ ಒಂದೇ ಸಾಲು: ಹೆಸರು, ಮಂಜೂರಾದ ಮೊತ್ತ, ಖರ್ಚಾದ ಮೊತ್ತ, ಪ್ರಗತಿ ಶೇಕಡಾ. ಕೊನೆಗೆ ‘ಒಟ್ಟಾರೆ ಪ್ರಗತಿ ಶೇ 85’ ಅಂತ ಮುಗಿಸಿದ್ದಾರೆ. ಕಾಂಕ್ರೀಟ್ ರಸ್ತೆ, ಚರಂಡಿ, ಹೂಳೆತ್ತುವ ಕೆಲಸ, ಕುಡಿಯುವ ನೀರಿನ ಪೈಪ್‌ಲೈನ್, ಬೀದಿದೀಪ ಎಲ್ಲವೂ ಅದರಲ್ಲಿವೆ.

ಈ ಶೇ 85 ಎಲ್ಲಿಂದ ಬರುತ್ತೆ? ಯಾವ ಯಾವ ಕಾಗದ ಕೇಳಬೇಕು? ಟೇಪು, ದಾರ, ಟ್ಯೂಬ್ ಲೆವೆಲ್ ಬಿಟ್ಟು ಬೇರೆ ಉಪಕರಣ ಇಲ್ಲದವರು ಸ್ಥಳದಲ್ಲಿ ಏನೇನು ನೋಡಬಹುದು? ಎಲ್ಲ ಕಾಮಗಾರಿ ಸುತ್ತಲು ಸಮಯ ಸಾಲದು. ಯಾವುದನ್ನು ಆರಿಸಿಕೊಂಡರೆ ಒಳ್ಳೆಯದು?

ಲೆಕ್ಕಿಗ

ಮೊದಲು ಶೇಕಡಾ ವಿಷಯ. ಒಂದೇ ವರ್ಷದ ಕೆಲಸಕ್ಕೆ ನಾಲ್ಕು ಬೇರೆ ಬೇರೆ ಶೇಕಡಾ ತೋರಿಸಬಹುದು, ನಾಲ್ಕೂ ಲೆಕ್ಕದ ಪ್ರಕಾರ ಸರಿಯಾಗೇ ಇರುತ್ತವೆ.

ಐದು ಕಾಮಗಾರಿ ಅಂದುಕೊಳ್ಳಿ. ನಾಲ್ಕು ಚಿಕ್ಕವು, ತಲಾ 5 ಲಕ್ಷ. ಒಂದು ದೊಡ್ಡದು, 80 ಲಕ್ಷ. ಚಿಕ್ಕವು ನಾಲ್ಕೂ ಮುಗಿದಿವೆ, ದೊಡ್ಡದು ಕಾಲು ಭಾಗ ಮಾತ್ರ ಆಗಿದೆ. ಐದರಲ್ಲಿ ನಾಲ್ಕು ಮುಗಿದಿವೆ ಅಂತ ಎಣಿಸಿದರೆ ಶೇ 80. ಐದರ ಶೇಕಡಾ ಕೂಡಿಸಿ ಐದರಿಂದ ಭಾಗಿಸಿದರೆ ಶೇ 85. ಮೊತ್ತದ ತೂಕ ಹಾಕಿ ನೋಡಿದರೆ ಆಗಿರುವುದು 100 ಲಕ್ಷದಲ್ಲಿ 40 ಲಕ್ಷದ ಕೆಲಸ, ಅಂದರೆ ಶೇ 40. ಇನ್ನು ದೊಡ್ಡ ಕಾಮಗಾರಿಗೆ ಶೇ 10 ಮುಂಗಡ ಕೊಟ್ಟು ಅದನ್ನು ಇನ್ನೂ ಬಿಲ್‌ನಲ್ಲಿ ಮುರಿದುಕೊಂಡಿಲ್ಲ ಅಂದರೆ ಖರ್ಚಿನ ಲೆಕ್ಕದಲ್ಲಿ ಅದು ಶೇ 48 ಆಗುತ್ತೆ. ನಿಮ್ಮ ವರದಿಯ 85 ಯಾವ ದಾರಿಯಲ್ಲಿ ಬಂದದ್ದು ಎಂಬುದೇ ಸಭೆಯ ಮೊದಲ ಪ್ರಶ್ನೆಯಾಗಲಿ. ಭೌತಿಕ ಪ್ರಗತಿ (ಸ್ಥಳದಲ್ಲಿ ಆದ ಕೆಲಸ), ಆರ್ಥಿಕ ಪ್ರಗತಿ (ಖರ್ಚಾದ ಹಣ) ಎರಡೂ ಬೇರೆ ಬೇರೆ ಕಾಲಂನಲ್ಲಿ ಇರಬೇಕು. ಖರ್ಚು ಭೌತಿಕ ಪ್ರಗತಿಗಿಂತ ಮುಂದೆ ಓಡಿದ್ದರೆ ಮುಂಗಡ, ಸ್ಥಳದಲ್ಲಿ ಬಿದ್ದಿರುವ ಸಾಮಗ್ರಿಗೆ ಕೊಟ್ಟ ಹಣ, ಅಥವಾ ಆಗದ ಕೆಲಸಕ್ಕೆ ಬಿಲ್, ಈ ಮೂರರಲ್ಲಿ ಒಂದು ಇರುತ್ತೆ. ಮೊದಲೆರಡಕ್ಕೆ ಕಾಗದದಲ್ಲಿ ಉತ್ತರ ಸಿಗಬೇಕು.

ಕಳೆದ ವರ್ಷದ ಮುಂದುವರಿದ ಕಾಮಗಾರಿಗಳನ್ನೂ ಗಮನಿಸಿ. ಹೋದ ವರ್ಷ ಶೇ 70 ಅಂತ ತೋರಿಸಿದ ರಸ್ತೆ ಈ ವರ್ಷ ಶೇ 100 ಆಗಿದ್ದರೆ ಈ ವರ್ಷದ ಸಾಧನೆ ಶೇ 30 ಮಾತ್ರ. ಎರಡೂ ವರ್ಷದ ವರದಿ ಪಕ್ಕಪಕ್ಕ ಇಟ್ಟುಕೊಂಡು ಓದಿದರೆ ಇದು ತಕ್ಷಣ ಕಣ್ಣಿಗೆ ಬೀಳುತ್ತೆ.

ಕೇಳಬೇಕಾದ ಕಾಗದ: ಅಂದಾಜು ಪಟ್ಟಿ ಮತ್ತು ನಕ್ಷೆ, ಕಾರ್ಯಾದೇಶ, ಅಳತೆ ಪುಸ್ತಕದ ಆ ಕಾಮಗಾರಿಯ ಪುಟಗಳು, ಗುಣಮಟ್ಟ ಪರೀಕ್ಷೆಯ ವರದಿ, ಕೊನೆಯ ಬಿಲ್, ಪೂರ್ಣಗೊಂಡ ಪ್ರಮಾಣಪತ್ರ. ಇಷ್ಟರಲ್ಲಿ ಒಂದನ್ನೇ ಆರಿಸಿ ಅಂದರೆ ಅಳತೆ ಪುಸ್ತಕ. ಉದ್ದ, ಅಗಲ, ದಪ್ಪ, ದಿನಾಂಕ, ಅಳೆದವರ ಸಹಿ ಎಲ್ಲ ಅಲ್ಲೇ ಇರುತ್ತೆ. ಅಂದಾಜು ಪಟ್ಟಿಯಲ್ಲಿದ್ದ ಅಂಕಿಗಳೇ ಅಳತೆ ಪುಸ್ತಕದಲ್ಲೂ ದಶಮಾಂಶ ಸಮೇತ ಹಾಗೇ ಇದ್ದರೆ ಯಾರೂ ಟೇಪು ಹಿಡಿದಿಲ್ಲ ಎಂಬ ಅನುಮಾನ ನ್ಯಾಯವಾದದ್ದು. ಸ್ಥಳದಲ್ಲಿ ನಿಜವಾಗಿ ಅಳೆದ ರಸ್ತೆ ಅಂದಾಜಿಗೆ ಅಷ್ಟು ಕರಾರುವಾಕ್ಕಾಗಿ ಹೊಂದುವುದಿಲ್ಲ.

ಹೆಸರುಗಳನ್ನೂ ಎಚ್ಚರದಿಂದ ಓದಿ. ‘ಶಾಲೆಯಿಂದ ಕೆರೆ ಏರಿವರೆಗೆ’, ‘ಕೆರೆ ರಸ್ತೆ ಅಭಿವೃದ್ಧಿ’ ಇವೆರಡು ಬೇರೆ ಬೇರೆ ಲೆಕ್ಕ ಶೀರ್ಷಿಕೆಯಲ್ಲಿ ಬಂದಿರಬಹುದು, ಜಾಗ ಒಂದೇ ಇರಬಹುದು. ಪ್ರತಿ ಸಾಲಿಗೂ ‘ಎಲ್ಲಿಂದ ಎಲ್ಲಿಗೆ, ಎಷ್ಟು ಮೀಟರ್’ ಬರೆಸಿಕೊಂಡು ಊರಿನ ನಕ್ಷೆ ಮೇಲೆ ಬಣ್ಣದ ಪೆನ್ನಿನಲ್ಲಿ ಗೆರೆ ಎಳೆಯಿರಿ. ಗೆರೆ ಮೇಲೆ ಗೆರೆ ಬಿದ್ದ ಕಡೆ ನಿಲ್ಲಿ.

ಆರಿಸುವ ವಿಷಯದಲ್ಲಿ ನನ್ನ ಸಲಹೆ: ಮೊತ್ತದಲ್ಲಿ ಅತಿ ದೊಡ್ಡ ಎರಡು, ವರ್ಷದ ಕೊನೇ ತಿಂಗಳಲ್ಲಿ ಬಿಲ್ ಆದದ್ದು ಒಂದು, ದೋಷ ಹೊಣೆ ಅವಧಿ (ಕೆಲಸ ಕೆಟ್ಟರೆ ಗುತ್ತಿಗೆದಾರರೇ ಸರಿಪಡಿಸಿಕೊಡಬೇಕಾದ ಅವಧಿ) ಮುಗಿಯಲು ಬಂದ ಹಳೆಯದು ಒಂದು, ಇನ್ನೆರಡು ಚೀಟಿ ಎತ್ತಿ. ಚೀಟಿ ಎತ್ತುವುದನ್ನು ಬಿಡಬೇಡಿ. ಇಲ್ಲದಿದ್ದರೆ ‘ಬೇಕಂತಲೇ ಕೆಟ್ಟದ್ದನ್ನು ಹುಡುಕಿದ್ದಾರೆ’ ಅನ್ನುವ ಮಾತು ಬರುತ್ತೆ.

ಅಳತೆಗೋಲು

ಕಾಂಕ್ರೀಟ್ ರಸ್ತೆ ಬಗ್ಗೆ ಹೇಳುತ್ತೇನೆ. ಉದ್ದ, ಅಗಲ ಅಳೆಯುವುದು ಸುಲಭ, ಅದರಲ್ಲಿ ಮೋಸ ಕಡಿಮೆ. ಹಣ ಸೋರುವುದು ದಪ್ಪದಲ್ಲಿ.

100 ಮೀಟರ್ ಉದ್ದ, 4 ಮೀಟರ್ ಅಗಲ, 150 ಮಿ.ಮೀ. ದಪ್ಪ ಅಂದರೆ 60 ಘನ ಮೀಟರ್ ಕಾಂಕ್ರೀಟ್. ದಪ್ಪ 130 ಮಿ.ಮೀ. ಹಾಕಿದರೆ 52 ಘನ ಮೀಟರ್. ಘನ ಮೀಟರಿಗೆ 350 ಕೆ.ಜಿ. ಸಿಮೆಂಟ್ ಲೆಕ್ಕದಲ್ಲಿ 50 ಕೆ.ಜಿ.ಯ 56 ಚೀಲ ಉಳಿಯಿತು. ಆದರೆ ರಸ್ತೆಗೆ ಆಗುವ ನಷ್ಟ ಅದಕ್ಕಿಂತ ದೊಡ್ಡದು. ಚಪ್ಪಡಿಯಲ್ಲಿ ಬಾಗುವಿಕೆಯಿಂದ ಬರುವ ಒತ್ತಡ ಹೆಚ್ಚುಕಡಿಮೆ ದಪ್ಪದ ವರ್ಗಕ್ಕೆ ವಿಲೋಮವಾಗಿ ಏರುತ್ತೆ. 150ರ ಜಾಗದಲ್ಲಿ 130 ಇದ್ದರೆ ಅದೇ ಲಾರಿಗೆ ಒತ್ತಡ ಮೂರನೇ ಒಂದರಷ್ಟು ಜಾಸ್ತಿ. ಕಾಂಕ್ರೀಟ್ ಶೇ 13 ಕಡಿಮೆಯಾದರೆ ರಸ್ತೆಯ ಆಯಸ್ಸೂ ಅಷ್ಟೇ ಕಡಿಮೆಯಾಗುತ್ತೆ ಅಂತ ತಿಳಿಯಬೇಡಿ.

ದಪ್ಪವನ್ನು ಅಂಚಿನಲ್ಲಿ ಅಳೆದು ಸಮಾಧಾನ ಪಡಬೇಡಿ. ಕಾಂಕ್ರೀಟ್ ಹರಿದುಹೋಗದಂತೆ ಬದಿಗೆ ನಿಲ್ಲಿಸುವ ಶಟರಿಂಗ್ ಹಲಗೆ ಎತ್ತರ 150 ಇರುತ್ತೆ, ಹಾಗಾಗಿ ಅಂಚು ಯಾವತ್ತೂ ಸರಿಯಾಗೇ ಕಾಣುತ್ತೆ. ಕೆಳಗಿನ ಜಲ್ಲಿ ಪದರವನ್ನು ನಡುವೆ ಉಬ್ಬಿಸಿಬಿಟ್ಟರೆ ಮಧ್ಯದಲ್ಲಿ 110 ಮಿ.ಮೀ. ಮಾತ್ರ ಉಳಿದಿರಬಹುದು. ಹಾಕುವ ದಿನವೇ ಹೋಗಲು ಸಾಧ್ಯವಾದರೆ ಎರಡೂ ಬದಿಯ ಹಲಗೆ ಮೇಲೆ ದಾರ ಬಿಗಿದು ನಡುವೆ ಮೂರು ಕಡೆ ದಾರದಿಂದ ಜಲ್ಲಿವರೆಗೆ ಟೇಪು ಇಳಿಬಿಡಿ. ರಸ್ತೆಗೆ ನಡು ಉಬ್ಬು ಕೊಡುವುದಾದರೆ ಆ ಉಬ್ಬನ್ನು ಕೂಡಿಸಿಕೊಳ್ಳಬೇಕು: 4 ಮೀಟರ್ ಅಗಲಕ್ಕೆ ಶೇ 2 ಇಳಿಜಾರು ಅಂದರೆ ನಡುಭಾಗ ಅಂಚಿಗಿಂತ 40 ಮಿ.ಮೀ. ಎತ್ತರ. ಹಾಕಿ ಆದಮೇಲೆ ಗೊತ್ತಾಗಬೇಕಾದರೆ ಕೋರ್ (ಯಂತ್ರದಿಂದ ಕೊರೆದು ತೆಗೆಯುವ ಉರುಳೆಯಾಕಾರದ ಕಾಂಕ್ರೀಟ್ ತುಂಡು) ಕತ್ತರಿಸಲೇಬೇಕು.

ಜಾಯಿಂಟ್ ನೋಡಿ. ಸುಮಾರು 4ರಿಂದ 4.5 ಮೀಟರಿಗೊಂದು ಅಡ್ಡ ಗರಗಸದ ಗೀರು ಇರಬೇಕು, ಆಳ ಚಪ್ಪಡಿ ದಪ್ಪದ ಕಾಲು ಭಾಗದಿಂದ ಮೂರನೇ ಒಂದು ಭಾಗ. 150ರ ಚಪ್ಪಡಿಗೆ 40ರಿಂದ 50 ಮಿ.ಮೀ. ಒಂದು ತೆಳು ಸ್ಟೀಲ್ ಸ್ಕೇಲ್ ಇಳಿಸಿದರೆ ಗೊತ್ತಾಗುತ್ತೆ. 10 ಮಿ.ಮೀ. ಗೀರಿ ಟಾರ್ ತುಂಬಿದ್ದರೆ ಅದು ಕೆಲಸ ಮಾಡುವ ಜಾಯಿಂಟ್ ಅಲ್ಲ. ಗೀರುವ ಹೊತ್ತೂ ಮುಖ್ಯ. ಹವೆ ನೋಡಿಕೊಂಡು ಸಾಮಾನ್ಯವಾಗಿ ಹಾಕಿದ 6ರಿಂದ 18 ಗಂಟೆಯೊಳಗೆ ಕತ್ತರಿಸಬೇಕು. ಬೇಗ ಕತ್ತರಿಸಿದರೆ ಅಂಚು ಉದುರುತ್ತೆ, ತಡವಾದರೆ ಕಾಂಕ್ರೀಟ್ ತನಗೆ ಬೇಕಾದ ಕಡೆ ತಾನೇ ಒಡೆದುಕೊಂಡಿರುತ್ತೆ. ಗೀರಿನ ಪಕ್ಕದಲ್ಲೇ ಅರ್ಧ ಅಡಿ ದೂರದಲ್ಲಿ ಅಂಕುಡೊಂಕು ಬಿರುಕು ಕಂಡರೆ ತಡವಾಗಿ ಕತ್ತರಿಸಿದ್ದಾರೆ ಎಂದೇ ಅರ್ಥ.

ಮೇಲ್ಮೈ ಕೈಯಲ್ಲಿ ಉಜ್ಜಿದಾಗ ಪುಡಿ ಏಳುತ್ತಿದ್ದರೆ ನೀರು ಜಾಸ್ತಿ ಬೆರೆಸಿದ್ದಾರೆ ಅಥವಾ ಕ್ಯೂರಿಂಗ್ ಆಗಿಲ್ಲ. ಒದ್ದೆ ಗೋಣಿ ಹೊದಿಸಿ ಕನಿಷ್ಠ 7 ದಿನ, ಬಿಸಿಲಿನ ಕಾಲದಲ್ಲಿ 14 ದಿನ ಒಣಗಲು ಬಿಡಬಾರದು. ದಿನಕ್ಕೆ ಎರಡು ಸಲ ಪೈಪ್ ಹಿಡಿದು ಹೋದರೆ ಅದು ಕ್ಯೂರಿಂಗ್ ಅಲ್ಲ, ಮಧ್ಯಾಹ್ನದ ಹೊತ್ತಿಗೆ ಒಣಗಿರುತ್ತೆ.

ಇನ್ನೊಂದು, ಹಳೇ ರಸ್ತೆ ಅಗೆಯದೆ ಅದರ ಮೇಲೇ ಹೊಸದು ಹಾಕಿದ್ದಾರಾ ನೋಡಿ. ಅಂದಾಜಿನಲ್ಲಿ ಅಗೆತಕ್ಕೆ ಹಣ ಇದ್ದು, ಸ್ಥಳದಲ್ಲಿ ಮನೆಗಳ ಹೊಸ್ತಿಲಿಗಿಂತ ರಸ್ತೆ ಎತ್ತರವಾಗಿದ್ದರೆ ಅಗೆತ ಆಗಿಲ್ಲ. ಮಳೆ ಬಂದಾಗ ನೀರು ಮನೆಗೆ ನುಗ್ಗುವುದು ಇದರಿಂದಲೇ.

ರಸಮಟ್ಟ

ಚರಂಡಿಗೆ ಉದ್ದದ ಲೆಕ್ಕಕ್ಕಿಂತ ತಳದ ಮಟ್ಟ ಮುಖ್ಯ. ಸೊಗಸಾಗಿ ಗಿಲಾವು ಮಾಡಿದ ಚರಂಡಿಯಲ್ಲಿ ನೀರು ನಿಂತಿದ್ದರೆ ಅದು ಸೊಳ್ಳೆಗೆ ಕಟ್ಟಿಸಿದ ತೊಟ್ಟಿ.

200ಕ್ಕೆ 1ರ ಇಳಿಜಾರು ಅಂದರೆ 100 ಮೀಟರಿಗೆ 500 ಮಿ.ಮೀ. ಇಳಿಯಬೇಕು. ಮೇಸ್ತ್ರಿಗಳು ಬಳಸುವ ಪಾರದರ್ಶಕ ಟ್ಯೂಬ್ ಸಾಕು. ನೀರು ತುಂಬುವಾಗ ಒಳಗೆ ಗಾಳಿಗುಳ್ಳೆ ಉಳಿಯಬಾರದು, ಉಳಿದರೆ ಓದು ತಪ್ಪುತ್ತೆ. ಚರಂಡಿ ತಳದಲ್ಲಿ 10 ಮೀಟರಿಗೊಂದು ಗುರುತು ಹಾಕಿ, ಒಂದೊಂದು ಗುರುತಿಗೂ ಹಿಂದಿನದಕ್ಕಿಂತ ಎಷ್ಟು ಇಳಿದಿದೆ ಅಂತ ಬರೆದುಕೊಳ್ಳಿ. 200ಕ್ಕೆ 1 ಇದ್ದರೆ ಪ್ರತಿ 10 ಮೀಟರಿಗೆ 50 ಮಿ.ಮೀ. ಬರಬೇಕು. ಕೊನೆಯಿಂದ ಕೊನೆಗೆ ಮಾತ್ರ ಅಳೆದರೆ ಒಟ್ಟು ಇಳಿತ ಸರಿ ಬಂದುಬಿಡುತ್ತೆ, ನಡುವಿನ ತಗ್ಗು ಸಿಗುವುದಿಲ್ಲ. ನೀರು ನಿಲ್ಲುವುದು ಆ ತಗ್ಗಿನಲ್ಲೇ.

ಹೆಚ್ಚಾಗಿ ಕೆಡುವುದು ಎರಡು ಕಡೆ. ಒಂದು, ಎರಡು ಕಾಮಗಾರಿ ಕೂಡುವ ಜಾಗ. ಮೇಲಿನ 80 ಮೀಟರ್ ಒಬ್ಬ ಗುತ್ತಿಗೆದಾರ, ಕೆಳಗಿನ 80 ಮೀಟರ್ ಇನ್ನೊಬ್ಬ. ಒಂದೇ ಮಟ್ಟದ ಗುರುತು ಇಬ್ಬರಿಗೂ ಕೊಟ್ಟಿರುವುದಿಲ್ಲ, ಕೂಡುವಲ್ಲಿ ಕೆಳಗಿನ ಚರಂಡಿಯ ತಳವೇ ಎತ್ತರವಾಗಿ ನಿಂತಿರುತ್ತೆ. ಎರಡು, ರಸ್ತೆ ದಾಟಿಸುವ ಮೋರಿ ಪೈಪ್. ಪೈಪಿನ ಒಳತಳ ಚರಂಡಿಯ ತಳಕ್ಕಿಂತ ಮೇಲಿದ್ದರೆ ಅಷ್ಟು ಎತ್ತರದ ನೀರು, ಹೂಳು ಶಾಶ್ವತವಾಗಿ ಅಲ್ಲೇ. ಎರಡೂ ಕಡೆ ವರದಿ ಶೇ 100 ಅಂತಲೇ ಹೇಳುತ್ತೆ. ಒಂದೊಂದು ಕಾಮಗಾರಿಯೂ ಅದರದರ ಅಳತೆಗೆ ಮುಗಿದಿದೆಯಲ್ಲ! ಅದಕ್ಕೇ ತುದಿಯ ಹೊರಹರಿವಿನಿಂದ ಶುರು ಮಾಡಿ ಮೇಲಕ್ಕೆ ನಡೆಯಿರಿ. ಕೊನೆಗೆ ನೀರು ಬೀಳುವ ಜಾಗವೇ ಇಲ್ಲದ ಚರಂಡಿಗಳೂ ಇರುತ್ತವೆ.

ಮೇಲಿನ ಚಪ್ಪಡಿ ತೆಗೆಯಲು ಬರುವಂತಿರಬೇಕು. 900×450×100 ಮಿ.ಮೀ. ಚಪ್ಪಡಿ ಸುಮಾರು 100 ಕೆ.ಜಿ. ಇರುತ್ತೆ, ಕೊಕ್ಕೆ ಹಾಕಿ ಎತ್ತಲು ರಂಧ್ರ ಅಥವಾ ಹಿಡಿ ಬಿಟ್ಟಿರಬೇಕು. ಉದ್ದಕ್ಕೂ ಒಂದೇ ಸ್ಲ್ಯಾಬ್ ಹಾಕಿ ಮುಚ್ಚಿದ ಚರಂಡಿಯ ಹೂಳೆತ್ತಬೇಕಾದರೆ ಒಡೆಯಲೇಬೇಕು. ರಸ್ತೆ ನೀರು ಚರಂಡಿಗೆ ಇಳಿಯುವ ಕಿಂಡಿಗಳನ್ನೂ ಎಣಿಸಿ. ಗೋಡೆ ರಸ್ತೆಗಿಂತ ಎತ್ತರ ಇದ್ದು ಕಿಂಡಿ ಇಲ್ಲದಿದ್ದರೆ ಮಳೆನೀರು ರಸ್ತೆಯಲ್ಲೇ ಹರಿಯುತ್ತೆ, ಪಕ್ಕದ ಚರಂಡಿ ಒಣಗಿರುತ್ತೆ.

ಹೂಳೆತ್ತಿದ್ದಕ್ಕೆ ‘ಕಿಲೋಮೀಟರ್’ ಲೆಕ್ಕ ಒಪ್ಪಬೇಡಿ, ಘನ ಮೀಟರ್ ಕೇಳಿ. 1 ಕಿ.ಮೀ. ಚರಂಡಿ, 0.6 ಮೀಟರ್ ಅಗಲ, 0.2 ಮೀಟರ್ ಹೂಳು ಅಂದರೆ 120 ಘನ ಮೀಟರ್. 3 ಘನ ಮೀಟರ್ ಹಿಡಿಯುವ ಟ್ರ್ಯಾಕ್ಟರ್ ಟ್ರೇಲರಿಗೆ ಕನಿಷ್ಠ 40 ಲೋಡ್. ಅಷ್ಟು ಲೋಡ್ ಎಲ್ಲಿ ಸುರಿದರು, ಟ್ರಿಪ್ ಪುಸ್ತಕ ಎಲ್ಲಿ ಅಂತ ಕೇಳಿ. ಎತ್ತಿದ ಹೂಳನ್ನು ಚರಂಡಿ ದಂಡೆಯಲ್ಲೇ ಗುಡ್ಡೆ ಹಾಕಿದ್ದರೆ ಮೊದಲ ಮಳೆಗೆ ಅದು ವಾಪಸ್ ಒಳಗೆ.

ನೀರಗಂಟಿ

ನೀರಿನ ವಿಭಾಗದಲ್ಲಿ ‘ಇಷ್ಟು ಹೊಸ ನಲ್ಲಿ ಸಂಪರ್ಕ’ ಅಂತ ಬರೆದಿರುತ್ತಾರೆ. ಸಂಪರ್ಕ ಕೊಟ್ಟ ಮಾತ್ರಕ್ಕೆ ನೀರು ಬಂದಂತಲ್ಲ. ಸಾಲಿನ ಕಟ್ಟಕಡೆಯ ನಲ್ಲಿ ಮತ್ತು ಎತ್ತರದ ನಲ್ಲಿಗೆ ಹೋಗಿ. ಬಕೆಟ್ ತುಂಬಲು ಎಷ್ಟು ಸೆಕೆಂಡ್ ಅಂತ ನೋಡಿ: 15 ಲೀಟರಿಗೆ 90 ಸೆಕೆಂಡ್ ಅಂದರೆ ನಿಮಿಷಕ್ಕೆ 10 ಲೀಟರ್. ಅಲ್ಲಿ ಎಷ್ಟು ಹೊತ್ತು ಬರುತ್ತೆ ಅಂತ ಕೇಳಿ ಗುಣಿಸಿದರೆ ಮನೆಗೆ ದಕ್ಕುವ ನೀರು ಸಿಗುತ್ತೆ. ಅದೇ ನಲ್ಲಿಯಲ್ಲಿ ಕ್ಲೋರಿನ್ ಪರೀಕ್ಷೆ ಮಾಡಿಸಿ. ಉಳಿಕೆ ಕ್ಲೋರಿನ್ ಕನಿಷ್ಠ ಲೀಟರಿಗೆ 0.2 ಮಿಲಿಗ್ರಾಂ ಇರಬೇಕು. ಡಿಪಿಡಿ ಮಾತ್ರೆಯ ಚಿಕ್ಕ ಕಿಟ್ ಸಾಕು, ನೀರು ಗುಲಾಬಿ ಬಣ್ಣಕ್ಕೆ ತಿರುಗಬೇಕು. ಟ್ಯಾಂಕ್ ಹತ್ತಿರದ ನಲ್ಲಿಯಲ್ಲಿ ಮಾಡಿದ ಪರೀಕ್ಷೆಗೆ ಅರ್ಥವಿಲ್ಲ, ಅಲ್ಲಿ ಹೇಗೂ ಇರುತ್ತೆ.

‘ಪೂರೈಸಿದ ನೀರು’ ಎಂಬ ಅಂಕಿಯನ್ನು ಪರೀಕ್ಷಿಸಲು ವಿದ್ಯುತ್ ಬಿಲ್ ಬಹಳ ಒಳ್ಳೆಯ ಸಾಕ್ಷಿ. ಒಂದು ಘನ ಮೀಟರ್ ನೀರನ್ನು ಒಂದು ಮೀಟರ್ ಎತ್ತಲು, ನಷ್ಟವೇ ಇಲ್ಲದಿದ್ದರೂ, 0.0027 ಯೂನಿಟ್ ಬೇಕು. ಪೈಪಿನ ಘರ್ಷಣೆ ಸೇರಿ ಒಟ್ಟು 60 ಮೀಟರ್ ಎತ್ತುವುದಾದರೆ, ಪಂಪು ಮತ್ತು ಮೋಟಾರಿನ ಒಟ್ಟು ದಕ್ಷತೆ ಶೇ 60 ಅಂತ ಹಿಡಿದರೆ, ಘನ ಮೀಟರಿಗೆ 0.27 ಯೂನಿಟ್. ತಿಂಗಳಿಗೆ 27,000 ಯೂನಿಟ್ ಬಿಲ್ ಬಂದಿದ್ದರೆ ಎತ್ತಿರುವುದು ಸುಮಾರು 1 ಲಕ್ಷ ಘನ ಮೀಟರ್. ವರದಿ 1.6 ಲಕ್ಷ ಅಂದರೆ ದಕ್ಷತೆ ಶೇ 97 ಆಗಬೇಕು. ಅಂಥ ಪಂಪ್‌ಸೆಟ್ ಇಲ್ಲ. ಫ್ಲೋ ಮೀಟರ್ ಕೆಟ್ಟಿದೆ ಅಥವಾ ಪಂಪಿನ ಪ್ಲೇಟಿನಲ್ಲಿ ಬರೆದ ಸಾಮರ್ಥ್ಯವನ್ನು ಗಂಟೆಯಿಂದ ಗುಣಿಸಿ ಬರೆದಿದ್ದಾರೆ. ತಿರುಗುಮುರುಗಾಗಿ, ಘನ ಮೀಟರಿಗೆ ತೀರಾ ಹೆಚ್ಚು ಯೂನಿಟ್ ಬಿದ್ದರೆ ಪಂಪಿನೊಳಗೆ ನೀರು ತಳ್ಳುವ ಚಕ್ರ (ಇಂಪೆಲ್ಲರ್) ಸವೆದಿರಬಹುದು.

ಹೊಸ ಪೈಪ್‌ಲೈನ್ ಬಗ್ಗೆ ಕೇಳಬೇಕಾದ್ದು ಒತ್ತಡ ಪರೀಕ್ಷೆಯ ದಾಖಲೆ. ಸಾಮಾನ್ಯವಾಗಿ ಕೆಲಸದ ಒತ್ತಡದ ಒಂದೂವರೆ ಪಟ್ಟು ಏರಿಸಿ, ಜಾಯಿಂಟ್‌ಗಳು ಕಾಣುವ ಹಾಗೆ ಬಿಟ್ಟು ನೋಡುತ್ತಾರೆ. ಮಣ್ಣು ಮುಚ್ಚಿದ ಮೇಲೆ ಪರೀಕ್ಷೆ ಮಾಡಿದ್ದರೆ ಸೋರಿಕೆ ಎಲ್ಲಿ ಅಂತ ಯಾರಿಗೂ ತಿಳಿಯದು. ಪೈಪಿಗೆ ತೋಡಿದ ಕಾಲುವೆಗೆ ಮಣ್ಣು ತುಂಬುವಾಗ 150ರಿಂದ 200 ಮಿ.ಮೀ. ಪದರವಾಗಿ ದಮ್ಮಸ್ಸು ಮಾಡದೆ ಒಂದೇ ಸಲ ಸುರಿದಿದ್ದರೆ ಒಂದು ಮಳೆಗಾಲ ಕಳೆಯುವಷ್ಟರಲ್ಲಿ ರಸ್ತೆ ಉದ್ದಕ್ಕೂ ಕುಸಿದ ಗೆರೆ ಬೀಳುತ್ತೆ.

ತುಂಬಾ ಅಪಾಯದ್ದು: ಮನೆ ಸಂಪರ್ಕದ ಸಣ್ಣ ಪೈಪುಗಳು ಚರಂಡಿಯೊಳಗೆ ಹಾದು ಹೋಗುವುದು. ದಿನಕ್ಕೆ ಎರಡು ಗಂಟೆ ಮಾತ್ರ ನೀರು ಬಿಡುವ ಊರಲ್ಲಿ ಉಳಿದ ಹೊತ್ತು ಪೈಪಿನೊಳಗೆ ಒತ್ತಡ ಇರುವುದಿಲ್ಲ, ಸಣ್ಣ ತೂತಿದ್ದರೂ ಚರಂಡಿ ನೀರು ಒಳಕ್ಕೆ ಎಳೆದುಕೊಳ್ಳುತ್ತೆ. ಚರಂಡಿ ನೋಡಲು ಹೋದಾಗಲೇ ಇಂಥ ಪೈಪುಗಳನ್ನು ಎಣಿಸಿ, ಮನೆ ಎದುರಿನ ಗುರುತು ಸಮೇತ ಪಟ್ಟಿ ಮಾಡಿ ಕೊಡಿ. ಸಭೆ ನಡೆಯುವವರೆಗೂ ಕಾಯಬೇಡಿ. ಹಾಗೇ ವಾಲ್ವ್ ಚೇಂಬರ್‌ಗಳು ಹೊಸ ಕಾಂಕ್ರೀಟ್ ಕೆಳಗೆ ಹೂತುಹೋಗಿಲ್ಲ ತಾನೇ ಅಂತ ಪೈಪ್ ನಕ್ಷೆ ಹಿಡಿದು ನೋಡಿ.

ಬೀದಿದೀಪಕ್ಕೂ ಇದೇ ಥರ ಮೀಟರ್ ಲೆಕ್ಕ. 40 ವ್ಯಾಟಿನ 500 ದೀಪ, ರಾತ್ರಿಗೆ 11 ಗಂಟೆ, 30 ದಿನ: 6,600 ಯೂನಿಟ್. ಬಿಲ್ ಇದಕ್ಕಿಂತ ಬಹಳ ಹೆಚ್ಚಿದ್ದರೆ ಹಗಲೂ ಉರಿಯುತ್ತಿವೆ ಅಥವಾ ಆ ಲೈನಿನಿಂದ ಬೇರೆ ಯಾರೋ ಎಳೆದುಕೊಂಡಿದ್ದಾರೆ. ಬಹಳ ಕಡಿಮೆ ಇದ್ದರೆ ಅಷ್ಟು ದೀಪ ಉರಿಯುತ್ತಿಲ್ಲ.

ವಾರ್ಡ್‌ಸಮಿತಿ

ಎಲ್ಲರಿಗೂ ಧನ್ಯವಾದ. ಎರಡು ಅನುಮಾನ ಉಳಿದಿವೆ. ಕೋರ್ ಕತ್ತರಿಸಿದರೆ ರಸ್ತೆ ಹಾಳಾಗುತ್ತೆ, ಸುತ್ತಿಗೆ ಪರೀಕ್ಷೆ ಸಾಕು ಅಂತ ಹೇಳುತ್ತಿದ್ದಾರೆ. ಒಪ್ಪಬಹುದಾ? ಮತ್ತೆ, ದೋಷ ಕಂಡರೆ ಮುಂದೇನು? ಹಣ ಪಾವತಿ ಆಗಿಹೋಗಿದೆಯಲ್ಲ.

ಅಳತೆಗೋಲು

ರಿಬೌಂಡ್ ಸುತ್ತಿಗೆ ಮೇಲ್ಮೈ ಗಡಸುತನ ಮಾತ್ರ ಹೇಳುತ್ತೆ. ಬಲದ ಅಂದಾಜಿನಲ್ಲಿ ಶೇ 25ರಷ್ಟು ಆಚೀಚೆ ಆಗುವುದು ಸಾಮಾನ್ಯ. ಮೇಲ್ಮೈ ಒದ್ದೆ ಇದ್ದರೆ ಕಡಿಮೆ ತೋರಿಸುತ್ತೆ, ಹಳೆಯ ಕಾಂಕ್ರೀಟಿನ ಮೇಲ್ಪದರ ಗಾಳಿಯ ಇಂಗಾಲದ ಡೈಆಕ್ಸೈಡ್ ತಾಗಿ (ಕಾರ್ಬನೀಕರಣ) ಗಟ್ಟಿಯಾಗಿದ್ದರೆ ಜಾಸ್ತಿ ತೋರಿಸುತ್ತೆ. ದಪ್ಪವನ್ನಂತೂ ಅದು ಹೇಳುವುದೇ ಇಲ್ಲ, ನಿಮಗೆ ಬೇಕಾಗಿರುವುದು ಅದೇ. ಯಾವ ಭಾಗ ದುರ್ಬಲ ಅಂತ ಹುಡುಕಲು ಸುತ್ತಿಗೆ ಬಳಸಿ, ಆ ಭಾಗದಲ್ಲೇ ಕೋರ್ ತೆಗೆಸಿ.

ಕೋರ್ 100 ಅಥವಾ 150 ಮಿ.ಮೀ. ವ್ಯಾಸದ್ದು, ಕನಿಷ್ಠ ಮೂರು. ಜಾಯಿಂಟ್ ಮತ್ತು ಅಂಚಿನಿಂದ ದೂರ, ಅಗಲದ ನಡುಭಾಗದಲ್ಲಿ ಒಂದಾದರೂ ಇರಲಿ. ಜಾಗವನ್ನು ನೀವೇ ತೋರಿಸಿ, ಗುತ್ತಿಗೆದಾರರು ತೋರಿಸುವುದು ಬೇಡ. ತೆಗೆದ ಕೂಡಲೇ ಕೋರ್ ಪಕ್ಕ ಟೇಪು ಇಟ್ಟು ಫೋಟೊ, ಮೇಲೆ ಸಹಿ, ಆಮೇಲೆ ಪ್ರಯೋಗಾಲಯಕ್ಕೆ. ಮೂರರ ಸರಾಸರಿ ನಿಗದಿತ ಬಲದ ಶೇ 85 ಬರಬೇಕು, ಯಾವ ಒಂದೂ ಶೇ 75ಕ್ಕಿಂತ ಕೆಳಗಿರಬಾರದು ಎಂಬುದು ಚಾಲ್ತಿಯಲ್ಲಿರುವ ಮಾನದಂಡ. ರಂಧ್ರಕ್ಕೆ ಕುಗ್ಗದ ಗ್ರೌಟ್ (ತೆಳುವಾದ ಸಿಮೆಂಟ್ ಮಿಶ್ರಣ) ಅಥವಾ ಅದೇ ದರ್ಜೆಯ ಕಾಂಕ್ರೀಟ್ ತುಂಬಿ ಕ್ಯೂರಿಂಗ್ ಮಾಡಿದರೆ ರಸ್ತೆಗೆ ಏನೂ ಆಗದು.

ಕೊನೇ ತಿಂಗಳಲ್ಲಿ ಬಿಲ್ ಆದ ರಸ್ತೆ ಇದ್ದರೆ ಒಂದು ಸುಲಭ ತಾಳೆ: ಕಾಂಕ್ರೀಟ್ ಹಾಕಿದ ದಿನಾಂಕ, ಕ್ಯೂಬ್ ಪರೀಕ್ಷೆಯ (ಅದೇ ಕಾಂಕ್ರೀಟಿನಿಂದ ಅಚ್ಚು ಹಾಕಿದ ಘನಾಕಾರದ ತುಂಡನ್ನು ಒಡೆದು ಬಲ ನೋಡುವುದು) ದಿನಾಂಕ. 28 ದಿನದ ಫಲಿತಾಂಶ ಅಂತ ಬರೆದಿದ್ದು ನಡುವೆ 28 ದಿನ ಇಲ್ಲದಿದ್ದರೆ ಆ ವರದಿ ಆ ರಸ್ತೆಯದ್ದಲ್ಲ.

ಲೆಕ್ಕಿಗ

ಹಣ ಪೂರ್ತಿ ಹೋಗಿರುವುದಿಲ್ಲ. ಬಿಲ್‌ನಿಂದ ಹಿಡಿದಿಟ್ಟ ಭದ್ರತಾ ಮೊತ್ತ ಸಾಮಾನ್ಯವಾಗಿ ಶೇ 5ರಿಂದ 10 ಇರುತ್ತೆ, ದೋಷ ಹೊಣೆ ಅವಧಿ ಮುಗಿದ ಮೇಲೆ ವಾಪಸ್ ಹೋಗುತ್ತೆ. ಆ ಅವಧಿ ಎಷ್ಟು, ಯಾವ ದಿನದಿಂದ ಶುರು ಅಂತ ಒಪ್ಪಂದದಲ್ಲಿ ಬರೆದಿರುತ್ತೆ. ಪೂರ್ಣಗೊಂಡ ದಿನಾಂಕ ಹಿಂದಕ್ಕೆ ಹಾಕಿದ್ದರೆ ಅವಧಿಯೂ ಅಷ್ಟು ಮುಂಚೆ ಮುಗಿಯುತ್ತೆ. ಆದ್ದರಿಂದ ಆ ಒಂದು ದಿನಾಂಕವನ್ನು ಸ್ಥಳದ ಫೋಟೊ ಜೊತೆ ತಾಳೆ ನೋಡಿ.

ಅವಧಿ ಮುಗಿಯಲು ಎರಡು ತಿಂಗಳಿರುವಾಗಲೇ ಎಂಜಿನಿಯರ್ ಜೊತೆ ಜಂಟಿ ತಪಾಸಣೆ ಕೇಳಿ, ಸಾಧ್ಯವಾದರೆ ಒಂದು ಮಳೆ ಬಿದ್ದ ಮಾರನೇ ದಿನ. ದೋಷಗಳ ಪಟ್ಟಿ ಹೀಗಿರಲಿ: ಆರಂಭದಿಂದ 42ನೇ ಮೀಟರ್, ಎಡ ಅರ್ಧ, ಉದ್ದ 3.2 ಮೀಟರ್, ಬಿರುಕಿನ ಅಗಲ 2 ಮಿ.ಮೀ. ‘ರಸ್ತೆ ಅಲ್ಲಲ್ಲಿ ಹಾಳಾಗಿದೆ’ ಅಂತ ಬರೆದರೆ ಎರಡು ಕಡೆ ಸಿಮೆಂಟ್ ಮೆತ್ತಿ ಸರಿಪಡಿಸಿದೆವು ಅನ್ನುತ್ತಾರೆ. ಪಟ್ಟಿಗೆ ಇಬ್ಬರ ಸಹಿ ಆದಮೇಲೆ ಪುರಸಭೆ ಗುತ್ತಿಗೆದಾರರಿಗೆ ಲಿಖಿತ ನೋಟಿಸ್ ಕೊಡಬೇಕು, ಗಡುವು ಹಾಕಿ. ಮಾಡದಿದ್ದರೆ ಹಿಡಿದಿಟ್ಟ ಹಣದಲ್ಲೇ ಬೇರೆಯವರಿಂದ ಮಾಡಿಸಲು ಒಪ್ಪಂದಗಳಲ್ಲಿ ಅವಕಾಶ ಇರುವುದು ರೂಢಿ. ನೋಟಿಸ್ ಅವಧಿಯೊಳಗೆ ಹೊರಡದಿದ್ದರೆ ಆ ದಾರಿ ಮುಚ್ಚಿಹೋಗುತ್ತೆ.

ಮುಂದಿನ ವರ್ಷದ ವರದಿಗೆ ಮೂರು ಕಾಲಂ ಸೇರಿಸಲು ಸಭೆಯಲ್ಲಿ ಠರಾವು ಮಾಡಿಸಿ: ಎಲ್ಲಿಂದ ಎಲ್ಲಿಗೆ ಎಷ್ಟು ಮೀಟರ್, ದೋಷ ಹೊಣೆ ಮುಗಿಯುವ ದಿನಾಂಕ, ಹಿಡಿದಿಟ್ಟ ಮೊತ್ತ. ಈ ಮಾಹಿತಿ ಕಡತದಲ್ಲಿ ಈಗಾಗಲೇ ಇದೆ, ಟೈಪ್ ಮಾಡುವುದಷ್ಟೇ ಬಾಕಿ.